ಕಾಯಿಲೆಯ ಹೆಸರು ಬರೆದರೆ ಸಾಲದು

ಅಮೆರಿಕದ ಫೆಡರಲ್ ಸರ್ಕಾರದಲ್ಲೋ ಅಲ್ಲಿನ ಅಂಚೆ ಇಲಾಖೆಯಲ್ಲೋ ಕೆಲಸದಲ್ಲಿದ್ದು, ದೀರ್ಘಕಾಲದ ಕಾಯಿಲೆಯಿಂದ ನೌಕರಿ ಮುಂದುವರಿಸಲಾಗದವರಿಗೆ ಫರ್ಸ್ (ಅಲ್ಲಿನ ಫೆಡರಲ್ ನೌಕರರ ಪಿಂಚಣಿ ವ್ಯವಸ್ಥೆ) ಯೋಜನೆಯಡಿ ಅಂಗವೈಕಲ್ಯ ನಿವೃತ್ತಿ ಇದೆ. ಕನಿಷ್ಠ 18 ತಿಂಗಳ ಸೇವೆ ಆಗಿರಬೇಕು. ತೊಂದರೆ ಒಂದು ವರ್ಷವಾದರೂ ಮುಂದುವರಿಯುವಂಥದ್ದಾಗಿರಬೇಕು. ಹಾಸಿಗೆ ಹಿಡಿದಿರಬೇಕೆಂದೇನೂ ಇಲ್ಲ. ಈಗಿನ ಹುದ್ದೆಯ ಕೆಲಸ ನಿಮ್ಮಿಂದಾಗದೆ, ಇಲಾಖೆಗೂ ಅದನ್ನು ನಿಮಗೆ ಹೊಂದಿಸಿಕೊಡಲು ಅಥವಾ ಅದೇ ದರ್ಜೆಯ ಬೇರೆ ಜಾಗ ಕೊಡಲು ಆಗದಿದ್ದರೆ ಸಾಕು.

ಅರ್ಜಿ ಎಡವುವುದು ಸಾಮಾನ್ಯವಾಗಿ ವೈದ್ಯರ ಹೇಳಿಕೆಯಲ್ಲಿ, ಅಂದರೆ ಎಸ್‌ಎಫ್ 3112ಸಿ ನಮೂನೆಯಲ್ಲಿ. 'ಮಧುಮೇಹದಿಂದ ನರದೌರ್ಬಲ್ಯ, ಕೆಲಸ ಮಾಡಲಾರರು' ಎಂಬ ಒಂದು ಸಾಲಿನಿಂದ ಏನೂ ಸಾಬೀತಾಗದು. ಪಾದದಲ್ಲಿ ಸ್ಪರ್ಶವಿಲ್ಲ, 15 ನಿಮಿಷಕ್ಕಿಂತ ಹೆಚ್ಚು ನಿಲ್ಲಲಾಗದು, ಹುದ್ದೆಗೆ ದಿನವೂ ಗಂಟೆಗಟ್ಟಲೆ ನಿಂತು ಟಪಾಲು ವಿಂಗಡಿಸುವುದು ಅನಿವಾರ್ಯ ಎಂದು ಬರೆದರೆ ಕಾಯಿಲೆಗೂ ಕೆಲಸಕ್ಕೂ ಕೊಂಡಿ ಬೀಳುತ್ತದೆ. ಹಾಗಾಗಿ ಹುದ್ದೆಯ ಕರ್ತವ್ಯಪಟ್ಟಿಯನ್ನು ವೈದ್ಯರ ಕೈಗೇ ಕೊಡಿ. ಪರೀಕ್ಷಾ ವರದಿ, ಕೊಟ್ಟ ಚಿಕಿತ್ಸೆ, ಅದರಿಂದ ಎಷ್ಟು ಗುಣ ಕಂಡಿತು, ಮುಂದೆ ಏನಾಗಬಹುದು ಎಲ್ಲವೂ ಪತ್ರದಲ್ಲಿರಲಿ. ನೀವು ತುಂಬುವ 3112ಎ, ಮೇಲಧಿಕಾರಿಯ 3112ಬಿ ಇವುಗಳಿಗೂ ವೈದ್ಯರ ಮಾತಿಗೂ ತಾಳೆ ಇರಬೇಕು. 'ಕೆಲಸ ತೃಪ್ತಿಕರ' ಎಂದು ಮೇಲಧಿಕಾರಿ ಬರೆದುಬಿಟ್ಟರೆ, ನೋವು ನುಂಗಿಕೊಂಡು ದುಡಿದವರಿಗೇ ಅದು ಮುಳುವಾಗುತ್ತದೆ. ಇದು ನಿಜಕ್ಕೂ ಅನ್ಯಾಯ. ರಜೆಯ ದಾಖಲೆಗಳನ್ನು ಲಗತ್ತಿಸಿ ಅದನ್ನು ಎದುರಿಸಬೇಕು.

ಹಣದ ಲೆಕ್ಕ ಹೀಗಿದೆ. ಸತತ 3 ವರ್ಷಗಳ ಅತಿ ಹೆಚ್ಚಿನ ಮೂಲವೇತನದ ಸರಾಸರಿ ತೆಗೆದು, ಮೊದಲ 12 ತಿಂಗಳು ಅದರ ಶೇ. 60, ಆಮೇಲೆ 62 ವಯಸ್ಸಿನವರೆಗೆ ಶೇ. 40 ಕೊಡುತ್ತಾರೆ. ಸೋಶಿಯಲ್ ಸೆಕ್ಯುರಿಟಿಯ (ಅಮೆರಿಕದ ಸಾಮಾಜಿಕ ಭದ್ರತಾ ಯೋಜನೆ) ಅಂಗವೈಕಲ್ಯ ಭತ್ಯೆಗೂ ಅರ್ಜಿ ಹಾಕಲೇಬೇಕು. ಅದು ಸಿಕ್ಕರೆ ಮೊದಲ ವರ್ಷ ಪೂರ್ತಿ ಮೊತ್ತ, ನಂತರ ಅದರ ಶೇ. 60 ಪಿಂಚಣಿಯಲ್ಲಿ ಕಡಿತವಾಗುತ್ತದೆ. ಆ ಭತ್ಯೆ ಹಿಂಬಾಕಿಯಾಗಿ ಒಟ್ಟಿಗೆ ಬಂದಾಗ ಖರ್ಚು ಮಾಡಬೇಡಿ. ಹೆಚ್ಚುವರಿ ಸಂದಾಯವೆಂದು ಪಿಂಚಣಿ ಕಚೇರಿ ಅದನ್ನು ವಾಪಸ್ ಕೇಳುತ್ತದೆ.

ನೌಕರಿ ಬಿಟ್ಟ ಮೇಲೆ ಅರ್ಜಿಗೆ ಒಂದೇ ವರ್ಷದ ಗಡುವು. ತಿರಸ್ಕಾರವಾದರೆ 30 ದಿನದೊಳಗೆ ಮರುಪರಿಶೀಲನೆ ಕೇಳಬೇಕು. ಆಗ ಹಳೆಯ ಕಾಗದಗಳನ್ನೇ ಮತ್ತೆ ಕಳಿಸದೆ, ತಿರಸ್ಕಾರ ಪತ್ರದಲ್ಲಿ ತೋರಿಸಿದ ಒಂದೊಂದು ಕೊರತೆಗೂ ವೈದ್ಯರಿಂದ ಹೊಸದಾಗಿ ಉತ್ತರ ಬರೆಸಿ.