ಮಿಸ್ಸೌರಿಯಿಂದ ಕ್ಯಾನ್ಸಸ್‌ವರೆಗೆ: ಈ ಪಾಠ ಎಲ್ಲಿ ಕೈತಪ್ಪುತ್ತದೆ

ಅಮೆರಿಕದ ಹೊಸ ನೆಲಗಳಿಗೆ ಗುಲಾಮಗಿರಿ ಹರಡಬೇಕೇ ಎಂದು ಅಂತರ್ಯುದ್ಧಕ್ಕೆ ಮುಂಚೆ ಉತ್ತರ, ದಕ್ಷಿಣದ ರಾಜ್ಯಗಳ ನಡುವೆ ನಡೆದ ಜಗಳವನ್ನು ಪದವಿ ತರಗತಿಗೆ ಕನ್ನಡದಲ್ಲಿ ಪಾಠ ಮಾಡುವಾಗ ಮೊದಲು ಕಾಲು ತೊಡರುವುದು ಪದಗಳಲ್ಲಿ. ‘1820ರಲ್ಲಿ ಮೇನ್ ಸ್ವತಂತ್ರ ರಾಜ್ಯವಾಯಿತು’ ಎಂದು ಬೋರ್ಡಿನ ಮೇಲೆ ಬರೆದರೆ, ಮೇನ್ ಬೇರೆ ದೇಶವೇ ಆಯಿತು ಎಂದು ಮಕ್ಕಳು ಓದಿಕೊಳ್ಳುತ್ತಾರೆ. ಅದು ಮ್ಯಾಸಚೂಸೆಟ್ಸ್‌ನಿಂದ ಬೇರ್ಪಟ್ಟ ಭಾಗ ಎಂದು ಸೇರಿಸಿಬಿಟ್ಟರಂತೂ ಗೊಂದಲ ಗಟ್ಟಿಯಾಗುತ್ತದೆ. ಒಂದು ಪದ ಹೆಚ್ಚಾದರೂ ಚಿಂತೆಯಿಲ್ಲ, ‘ಗುಲಾಮಗಿರಿ ಇಲ್ಲದ ರಾಜ್ಯ’ ಎಂದೇ ಬರೆಯಿರಿ. ಹಾಗೆಯೇ, ಮೇನ್ ಗುಲಾಮಗಿರಿ ಇಲ್ಲದೆ, ಮಿಸ್ಸೌರಿ ಗುಲಾಮಗಿರಿಯೊಂದಿಗೆ ಸೇರಲಿ ಎಂದು 1820ರಲ್ಲಿ ಆದ ತೀರ್ಮಾನವನ್ನು ‘ಮಿಸ್ಸೌರಿ ಒಪ್ಪಂದ’ ಎಂದರೆ ಎರಡು ದೇಶಗಳ ಕರಾರಿನಂತೆ ಕೇಳುತ್ತದೆ. ಅದು ಒಂದೇ ಸಂಸತ್ತಿನೊಳಗೆ ಆದದ್ದು, ‘ರಾಜಿ’ ಎನ್ನುವುದೇ ಸರಿ. ಹಳೆಯ ಪುಸ್ತಕಗಳ ‘ಸಂಸ್ಥಾನ’ವನ್ನೂ ಇಲ್ಲಿ ಬಿಡಬೇಕು. ಮೈಸೂರು ಸಂಸ್ಥಾನ ಎಂದು ಕೇಳಿ ಬೆಳೆದ ಕಿವಿಗೆ ರಾಜ, ದಿವಾನರೇ ಕಾಣುತ್ತಾರೆ.

ಟೆರಿಟರಿ ಎಂಬುದನ್ನು ಮಾತ್ರ ಅನುವಾದಿಸದೆ ಹಾಗೇ ಇಟ್ಟುಕೊಂಡು, ಬಿಡಿಸಿ ಹೇಳಲು ಹತ್ತು ನಿಮಿಷ ಕೊಡಿ. ಇಡೀ ಪಾಠ ನಿಂತಿರುವುದು ಅದರ ಮೇಲೆ. ಒಕ್ಕೂಟಕ್ಕೆ ಸೇರಿದ, ಆದರೆ ಇನ್ನೂ ರಾಜ್ಯವಾಗದ ನೆಲ ಅದು. ಗವರ್ನರ್‌ನನ್ನು ಅಧ್ಯಕ್ಷರೇ ನೇಮಿಸುತ್ತಿದ್ದರು, ಸೆನೆಟ್‌ನಲ್ಲಿ ಸ್ಥಾನವಿರಲಿಲ್ಲ. ನಮ್ಮ ಕೇಂದ್ರಾಡಳಿತ ಪ್ರದೇಶವನ್ನು ಹೋಲಿಕೆಗೆ ಕೊಡಬಹುದು, ಆದರೆ ಟೆರಿಟರಿ ಮುಂದೆ ರಾಜ್ಯವಾಗಲೆಂದೇ ಇದ್ದ ಮಧ್ಯದ ಹಂತ ಎಂದು ಜೊತೆಗೇ ಹೇಳಿ. ರಾಜ್ಯವಾದ ಮೇಲೆ ಗುಲಾಮಗಿರಿ ಇರಬೇಕೋ ಬೇಡವೋ ಎಂಬುದು ಆ ರಾಜ್ಯದ ವಿಷಯ ಎಂದು ಉತ್ತರದ ಬಹುಪಾಲು ರಾಜಕಾರಣಿಗಳೂ ಒಪ್ಪಿದ್ದರು. ಜಗಳವಿದ್ದದ್ದು ಅದಕ್ಕೆ ಮುಂಚಿನ ಹಂತದ ಬಗ್ಗೆ. ಆ ಹಂತದಲ್ಲಿ ಗುಲಾಮರ ಒಡೆಯರು ಬಂದು ನೆಲೆಸದಂತೆ ತಡೆದರೆ, ನಾಳೆ ರಾಜ್ಯದ ಸಂವಿಧಾನ ಬರೆಯುವಾಗ ಗುಲಾಮಗಿರಿಯ ಪರ ಕೈಯೆತ್ತುವವರೇ ಇರುವುದಿಲ್ಲ. ಬರಬಿಟ್ಟರೆ ಫಲಿತಾಂಶ ತಿರುಗುಮುರುಗು. ಇದನ್ನು ಹೇಳದೆ 1820, 1850, 1854 ಎಂದು ಕಾನೂನುಗಳನ್ನು ಪಟ್ಟಿ ಮಾಡಿದರೆ ಮಕ್ಕಳು ಉರುಹೊಡೆಯುತ್ತಾರೆ, ಪರೀಕ್ಷೆಯಲ್ಲಿ ಅದಲುಬದಲು ಬರೆಯುತ್ತಾರೆ.

ಇನ್ನು ಲೆಕ್ಕದ ಪಟ್ಟಿ. ಬೋರ್ಡಿನ ಒಂದು ಬದಿಯಲ್ಲಿ ಎರಡು ಕಾಲಂ ಎಳೆದು, ಒಂದರಲ್ಲಿ ಗುಲಾಮಗಿರಿ ಇಲ್ಲದ ರಾಜ್ಯ, ಎದುರಿಗೆ ಗುಲಾಮಗಿರಿ ಇದ್ದ ರಾಜ್ಯ, ಅವು ಒಕ್ಕೂಟಕ್ಕೆ ಸೇರಿದ ವರ್ಷದೊಂದಿಗೆ ಬರೆದು, ಪಾಠ ಮುಗಿಯುವವರೆಗೆ ಅಳಿಸದೆ ಬಿಡಿ. ಇಂಡಿಯಾನಾ 1816, ಎದುರಿಗೆ ಮಿಸ್ಸಿಸ್ಸಿಪ್ಪಿ 1817. ಇಲಿನಾಯ್ 1818, ಅಲಬಾಮಾ 1819. ಅಲ್ಲಿಗೆ 22 ರಾಜ್ಯ, ಎರಡೂ ಕಡೆ 11. ಮೇನ್ 1820, ಮಿಸ್ಸೌರಿ 1821. ಮಿಷಿಗನ್ 1837, ಅರ್ಕನ್ಸಾ 1836. ಅಯೋವಾ 1846 ಮತ್ತು ವಿಸ್ಕಾನ್ಸಿನ್ 1848ರ ಎದುರಿಗೆ 1845ರ ಫ್ಲಾರಿಡಾ, ಟೆಕ್ಸಸ್. ಈಗ 15–15. ರಾಜ್ಯಗಳು ಜೋಡೆತ್ತಿನಂತೆ ಬರುತ್ತಿದ್ದುದನ್ನು ವಿದ್ಯಾರ್ಥಿಗಳು ತಾವೇ ಗುರುತಿಸುತ್ತಾರೆ. ಕೆಳಮನೆಯಲ್ಲಿ ಸ್ಥಾನ ಸಿಗುತ್ತಿದ್ದುದು ಜನಸಂಖ್ಯೆಯ ಮೇಲೆ. ಐವರು ಗುಲಾಮರನ್ನು ಮೂವರೆಂದು ಎಣಿಸಿದರೂ ದಕ್ಷಿಣ ಅಲ್ಲಿ ಹಿಂದೆ ಬಿದ್ದಿತ್ತು. ಸೆನೆಟ್‌ನಲ್ಲಿ ರಾಜ್ಯಕ್ಕೆ ಎರಡೇ ಸ್ಥಾನ, ಹಾಗಾಗಿ ಅದೊಂದೇ ಅವರ ತಡೆಗೋಡೆ. 1819ರಲ್ಲಿ ಮಿಸ್ಸೌರಿಯ ಗುಲಾಮಗಿರಿಗೆ ಕಡಿವಾಣ ಹಾಕುವ ಟ್ಯಾಲ್‌ಮ್ಯಾಜ್ ತಿದ್ದುಪಡಿ ಕೆಳಮನೆಯಲ್ಲಿ ಗೆದ್ದು ಸೆನೆಟ್‌ನಲ್ಲಿ ಸೋತದ್ದು ಇದಕ್ಕೇ. 1850ರಲ್ಲಿ ಆದ ಇನ್ನೊಂದು ರಾಜಿಯಲ್ಲಿ ಕ್ಯಾಲಿಫೋರ್ನಿಯಾ ಗುಲಾಮಗಿರಿ ಇಲ್ಲದೆ, ಜೋಡಿಯೂ ಇಲ್ಲದೆ ಒಳಬಂತು, 16–15. ಪಟ್ಟಿಯಲ್ಲಿ ಆ ಖಾಲಿ ಜಾಗಕ್ಕೆ ಬಣ್ಣದ ಸೀಮೆಸುಣ್ಣದಲ್ಲಿ ಸುತ್ತು ಹಾಕಿ.

ನಕ್ಷೆ ಸರಳವಾಗಿರಲಿ. ಮೇಲಿಂದ ಕೆಳಕ್ಕೆ ಮಿಸ್ಸಿಸ್ಸಿಪ್ಪಿ ನದಿ, ಬಲದಿಂದ ಬಂದು ಸೇರುವ ಒಹಾಯೊ ನದಿ, ಎಡಕ್ಕೆ 36 ಡಿಗ್ರಿ 30 ಮಿನಿಟಿನ ಅಕ್ಷಾಂಶದ ಗೆರೆ. ಮಿಸ್ಸೌರಿ ರಾಜಿಯಂತೆ ಅದರ ಉತ್ತರಕ್ಕೆ ಗುಲಾಮಗಿರಿ ಇಲ್ಲ. ಈ ಗೆರೆಯನ್ನು ಸಾಗರದಿಂದ ಸಾಗರಕ್ಕೆ ಎಳೆಯುವುದು ತುಂಬ ಜನ ಮಾಡುವ ತಪ್ಪು. 1820ರ ರಾಜಿ ಅನ್ವಯಿಸಿದ್ದು 1803ರಲ್ಲಿ ಫ್ರಾನ್ಸಿನಿಂದ 1.5 ಕೋಟಿ ಡಾಲರಿಗೆ ಕೊಂಡ ಲೂಸಿಯಾನಾ ನೆಲಕ್ಕೆ ಮಾತ್ರ. ಮಿಸ್ಸೌರಿ ಆ ಗೆರೆಯ ಉತ್ತರಕ್ಕಿದ್ದೂ ವಿನಾಯಿತಿ ಪಡೆಯಿತು. 1848ರಲ್ಲಿ ಮೆಕ್ಸಿಕೋದಿಂದ ಬಂದ ನೆಲಕ್ಕೆ ಯಾವ ಗೆರೆಯೂ ಇರಲಿಲ್ಲ, ಅಲ್ಲಿ ಮೆಕ್ಸಿಕೋ 1829ರಲ್ಲೇ ಗುಲಾಮಗಿರಿ ರದ್ದು ಮಾಡಿತ್ತು. ಮೆಕ್ಸಿಕೋ ಜೊತೆ ಯುದ್ಧ ನಡೆಯುತ್ತಿರುವಾಗಲೇ, 1846ರ ಆಗಸ್ಟಿನಲ್ಲಿ, ಆ ನೆಲದಲ್ಲಿ ಗುಲಾಮಗಿರಿ ಬೇಡವೆಂದು ಉತ್ತರದ ಸಂಸದ ವಿಲ್ಮಟ್ ಸೂಚನೆ ಮಂಡಿಸಿದ್ದು ಏಕೆಂದು ಈಗ ತಾನಾಗಿ ತಿಳಿಯುತ್ತದೆ.

ಅಟ್ಲಾಸ್ ಕೈಯಲ್ಲಿದ್ದರೆ ಒಕ್ಲಹೋಮಾದ ಎಡಕ್ಕೆ ಚಾಚಿದ, ಬಾಣಲೆಯ ಹಿಡಿಯಂಥ ಪಟ್ಟಿಯನ್ನು ಬೆರಳಿಟ್ಟು ತೋರಿಸಿ. ಗುಲಾಮಗಿರಿ ಉಳಿಸಿಕೊಂಡ ಟೆಕ್ಸಸ್‌ನ ಉತ್ತರದ ಗಡಿ 36 ಡಿಗ್ರಿ 30 ಮಿನಿಟಿಗೆ ನಿಂತಿತು, ಕ್ಯಾನ್ಸಸ್‌ನ ದಕ್ಷಿಣದ ಗಡಿ 37 ಡಿಗ್ರಿಗೆ. ನಡುವೆ ಯಾರಿಗೂ ಸೇರದೆ ಉಳಿದದ್ದೇ ಆ ಪಟ್ಟಿ. ಗುಲಾಮಗಿರಿಯ ಚರ್ಚೆ ಇವತ್ತಿನ ನಕ್ಷೆಯಲ್ಲೂ ಗುರುತು ಬಿಟ್ಟಿದೆ ಎಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಜಾಗ ನಮಗೆ ಸಿಕ್ಕಿಲ್ಲ.

ಟೆರಿಟರಿಯಲ್ಲಿ ತೀರ್ಮಾನ ಯಾರದು ಎಂಬುದಕ್ಕೆ ಬಂದ ಉತ್ತರಗಳು ನಾಲ್ಕೇ. ಗೆರೆ ಎಳೆದು ಹಂಚಿಕೊಳ್ಳೋಣ ಎಂದದ್ದು ಮಿಸ್ಸೌರಿ ರಾಜಿ. ಕಾಂಗ್ರೆಸ್ಸೇ, ಅಂದರೆ ಅಮೆರಿಕದ ಸಂಸತ್ತೇ, ನಿಷೇಧಿಸಲಿ ಎಂದದ್ದು ವಿಲ್ಮಟ್. ಅಲ್ಲಿ ನೆಲೆಸಿದವರೇ ವೋಟು ಹಾಕಿ ತೀರ್ಮಾನಿಸಲಿ ಎಂದು ಸೆನೆಟರ್ ಸ್ಟೀಫನ್ ಡಗ್ಲಸ್ 1854ರಲ್ಲಿ ಕ್ಯಾನ್ಸಸ್–ನೆಬ್ರಾಸ್ಕಾ ಕಾಯ್ದೆ ತಂದರು. ಹಳೆಯ ಗೆರೆ ರದ್ದಾಯಿತು. ಟೆರಿಟರಿಯಲ್ಲಿ ಯಾರೂ ನಿಷೇಧಿಸುವಂತಿಲ್ಲ ಎಂಬುದು ದಕ್ಷಿಣದ ನಾಯಕ ಕ್ಯಾಲ್‌ಹೂನ್ ವಾದ. 1857ರಲ್ಲಿ, ಬಿಡುಗಡೆ ಕೋರಿ ನ್ಯಾಯಾಲಯಕ್ಕೆ ಹೋದ ಗುಲಾಮ ಡ್ರೆಡ್ ಸ್ಕಾಟ್‌ನ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಟಾನಿ, ಕಾಂಗ್ರೆಸ್ಸಿಗೆ ಆ ಅಧಿಕಾರವೇ ಇಲ್ಲ ಎಂದು ಅದಕ್ಕೆ ನ್ಯಾಯಾಲಯದ ಮುದ್ರೆ ಒತ್ತಿದರು. ಪ್ರತಿ ಘಟನೆ ಬಂದಾಗಲೂ ಇದು ಎಷ್ಟನೆಯ ಉತ್ತರ ಎಂದು ಕೇಳುತ್ತಾ ಹೋಗಿ.

ಮೂರನೆಯ ಉತ್ತರ ಕೇಳಲು ಪ್ರಜಾಪ್ರಭುತ್ವದಂತಿದೆ, ತರಗತಿಯಲ್ಲಿ ಅದಕ್ಕೇ ಹೆಚ್ಚು ಕೈ ಏಳುತ್ತವೆ. ಆಗ ಕ್ಯಾನ್ಸಸ್‌ನ ಎರಡು ಅಂಕಿ ಬರೆಯಿರಿ. 1855ರ ಮಾರ್ಚ್ ಚುನಾವಣೆಗೆ ಮುಂಚಿನ ಗಣತಿಯಲ್ಲಿದ್ದ ಮತದಾರರು 2,905. ಬಿದ್ದ ಮತ 6,307. ಮಿಸ್ಸೌರಿಯಿಂದ ಜನ ಗಡಿ ದಾಟಿ ಬಂದು ವೋಟು ಹಾಕಿ ಹೋಗಿದ್ದರು. ನೆಲೆಸಿದವನೆಂದರೆ ಯಾರು, ಎಂದಿನಿಂದ ನೆಲೆಸಿರಬೇಕು ಎಂಬುದನ್ನು ಬಿಗಿಯಾಗಿ ಕಟ್ಟದ ಕಾನೂನಿನಿಂದ ಆದದ್ದಿದು. ಮರುವರ್ಷ ಅಲ್ಲಿ ರಕ್ತವೇ ಹರಿಯಿತು. ಯಾರ ಬದುಕಿನ ಬಗ್ಗೆ ಈ ಮತದಾನವೋ ಆ ಗುಲಾಮರಿಗೆ ಮತವೇ ಇರಲಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು, ಟಿಪ್ಪಣಿಯ ಕೊನೆಗೆ ತಳ್ಳಬಾರದು.

1850ರ ರಾಜಿಯ ಉಳಿದ ಅಂಶಗಳನ್ನು ಬೇಗ ಮುಗಿಸಿ, ಓಡಿಹೋದ ಗುಲಾಮರ ಕಾಯ್ದೆಯ ಮೇಲೆ ನಿಲ್ಲಿ. ಸಿಕ್ಕಿಬಿದ್ದವನನ್ನು ಒಡೆಯನಿಗೆ ಒಪ್ಪಿಸಿದರೆ ವಿಚಾರಣೆ ನಡೆಸುವ ಕಮಿಷನರಿಗೆ 10 ಡಾಲರ್ ಶುಲ್ಕ, ಬಿಟ್ಟರೆ 5. ಜ್ಯೂರಿ ಇಲ್ಲ, ಸಿಕ್ಕವನ ಸಾಕ್ಷ್ಯಕ್ಕೆ ಬೆಲೆಯಿಲ್ಲ. ದೂರದ ದಕ್ಷಿಣದ ವಿಷಯವೆಂದುಕೊಂಡಿದ್ದ ಉತ್ತರದವರ ಮನೆ ಬಾಗಿಲಿಗೇ ಅದನ್ನು ತಂದು ನಿಲ್ಲಿಸಿದ ಕಾಯ್ದೆ ಇದು.

ಉತ್ತರದವರೆಲ್ಲ ಕರಿಯರ ಪರವಾಗಿದ್ದರು ಎಂಬ ಉತ್ತರಕ್ಕೆ ಅಂಕ ಕೊಡಬೇಡಿ. 1857ರ ಆರೆಗಾನ್ ಸಂವಿಧಾನ ಗುಲಾಮಗಿರಿಯನ್ನೂ ನಿಷೇಧಿಸಿತು, ಕರಿಯರು ಬಂದು ನೆಲೆಸುವುದನ್ನೂ ನಿಷೇಧಿಸಿತು. ಹಾಗೆಯೇ, ‘ಖಾಲಿ ನೆಲಕ್ಕೆ ವಲಸೆ’ ಎಂಬ ಮಾತನ್ನು ಅಳಿಸಿಹಾಕಿ. 1830ರ ಕಾಯ್ದೆ ಹಿಡಿದು ಚೆರೋಕಿ ಮುಂತಾದ ಮೂಲನಿವಾಸಿಗಳನ್ನು ಹೊರದಬ್ಬಿ ತೆರವು ಮಾಡಿದ ಎಷ್ಟೋ ಜಮೀನಿನಲ್ಲಿ ಎದ್ದದ್ದು ಹತ್ತಿಯ ತೋಟಗಳು.

ಮೊದಲ ತರಗತಿಗೇ ಬೀಜ ಬಿಡಿಸದ ಒಂದು ಹಿಡಿ ಹತ್ತಿ ತನ್ನಿ. ಧಾರವಾಡದ ಕಡೆಯವರಿಗೆ ಇದರಲ್ಲಿ ಸಂಬಂಧವೂ ಇದೆ. 1840ರ ದಶಕದಲ್ಲಿ ಅಲ್ಲಿ ಬೇರೂರಿದ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿಗೆ ‘ಧಾರವಾಡ–ಅಮೆರಿಕನ್’ ಎಂದೇ ಹೆಸರಾಯಿತು. ಅಂತರ್ಯುದ್ಧದಲ್ಲಿ ಅಮೆರಿಕದ ಹತ್ತಿ ನಿಂತಾಗ ಅದರ ಬೆಲೆ ಏರಿತು. ವಿದ್ಯಾರ್ಥಿಗಳ ಕೈಗೆ ಹತ್ತಿ ಕೊಟ್ಟು ಬೀಜ ಬಿಡಿಸಲು ಹೇಳಿ. ಎಳೆ ಬೀಜವನ್ನು ಬಿಡದೆ ಹಿಡಿದಿರುತ್ತದೆ. ಐದು ನಿಮಿಷಕ್ಕೆ ಬೆರಳು ನೋಯುತ್ತದೆ, ಕೈಗೆ ಸಿಗುವುದು ಅಂಗೈ ತುಂಬದಷ್ಟು ಅರಳೆ. 1793ರಲ್ಲಿ ಎಲೈ ವಿಟ್ನಿಯ ಜಿನ್ ಎಂಬ ಯಂತ್ರ ಈ ಕೆಲಸವನ್ನು ಹಗುರ ಮಾಡಿತು. ಬಿತ್ತುವುದು, ಕಳೆ ತೆಗೆಯುವುದು, ಗಿಡದಿಂದ ಹತ್ತಿ ಬಿಡಿಸುವುದು ಮಾತ್ರ ಹಾಗೇ ಕೈಗೆಲಸವಾಗಿ ಉಳಿಯಿತು. ಹತ್ತಿ ಹೆಚ್ಚಿದಂತೆ ಆ ಕೈಗಳೂ ಹೆಚ್ಚು ಬೇಕಾದವು ಎಂದು ತೋರಿಸಲು ಆಮೇಲೆ ಎರಡು ಗಣತಿಯ ಅಂಕಿ ಬರೆಯಿರಿ: 1790ರಲ್ಲಿ ಗುಲಾಮರು 6,97,681; 1860ರಲ್ಲಿ 39,53,760.