ಗುರುತು ಸರಿಯಿದ್ದೂ ಸ್ಟಾರ್ಟ್ ಆಗದ ಎಂಜಿನ್

ಕೀಲಿ ತಿರುಗಿಸಿದರೆ ಸೆಲ್ಫ್ ಚುರುಕಾಗಿಯೇ ಹೊಡೆಯುತ್ತಿತ್ತು, ಎಂಜಿನ್ ಮಾತ್ರ ಸ್ಟಾರ್ಟ್ ಆಗುತ್ತಿರಲಿಲ್ಲ. ಹತ್ತು ಹನ್ನೆರಡು ಸುತ್ತು ತಿರುಗುವುದರೊಳಗೆ ಕಾರ್ಬ್ಯುರೇಟರಿನ ಬಾಯಿಂದ ‘ಫಟ್’ ಎಂದು ಸಿಡಿದ ಸದ್ದು ಬಂದು, ಏರ್ ಕ್ಲೀನರಿನ ಮುಚ್ಚಳ ಒಮ್ಮೆ ಅದುರಿ ಸುಮ್ಮನಾಗುತ್ತಿತ್ತು. ವರ್ಷಕ್ಕೂ ಹೆಚ್ಚು ಕಾಲ ನಿಂತಲ್ಲೇ ನಿಂತಿದ್ದ, ನಾಲ್ಕು ಸಿಲಿಂಡರಿನ, ಪಾಯಿಂಟ್ (ತೆರೆದಾಗ ಕಿಡಿ ಹುಟ್ಟಿಸುವ ಸ್ವಿಚ್ಚು) ಮತ್ತು ಕಂಡೆನ್ಸರ್ ಇರುವ ಹಳೆಯ ಕಾರು ಅದು. ನಿಂತಿದ್ದ ಅವಧಿಯಲ್ಲಿ, ಸಿಲಿಂಡರುಗಳಿಗೆ ಸರದಿಯಂತೆ ಕಿಡಿಯ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರನ್ನು ನಾನೇ ಹೊರಗೆ ತೆಗೆದು, ತೊಳೆದು, ಬುಷ್‌ಗೆ ಎಣ್ಣೆ ಹಾಕಿ ಮತ್ತೆ ಕೂರಿಸಿದ್ದೆ. ತೆಗೆಯುವ ಮುನ್ನ, ಅದರೊಳಗೆ ತಿರುಗುತ್ತಾ ಒಂದೊಂದು ವೈರಿಗೂ ವಿದ್ಯುತ್ ಮುಟ್ಟಿಸುವ ರೋಟರ್ ಯಾವ ಕಡೆಗೆ ಮುಖ ಮಾಡಿತ್ತು ಎಂಬುದನ್ನು ಗುರುತು ಹಾಕಿಕೊಂಡಿರಲಿಲ್ಲ. ಮುಂದಿನ ಎರಡು ದಿನಗಳ ಶ್ರಮಕ್ಕೆಲ್ಲ ಮೂಲ ಅದೇ.

ಮೊದಲು ಮಾಡಬೇಕಾದ ಪರೀಕ್ಷೆಗಳು ಬೇಗನೆ ಮುಗಿದವು. ಪ್ಲಗ್ ಬಿಚ್ಚಿ ಅದರ ಲೋಹದ ಭಾಗವನ್ನು ಎಂಜಿನ್ನಿಗೆ ತಾಗಿಸಿ ಸೆಲ್ಫ್ ಹೊಡೆದಾಗ ನೀಲಿ ಬಣ್ಣದ ಗಟ್ಟಿ ಕಿಡಿ ಹಾರಿತು. ಫ್ಲೋಟ್ ಚೇಂಬರಿನಲ್ಲಿ ಹೊಸ ಪೆಟ್ರೋಲ್ ಇತ್ತು, ಬಿಚ್ಚಿದ ಪ್ಲಗ್‌ನ ತುದಿಯೂ ಒದ್ದೆಯಾಗಿತ್ತು. ಕಂಪ್ರೆಷನ್ ನಾಲ್ಕೂ ಸಿಲಿಂಡರುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಪೆಟ್ರೋಲ್, ಗಾಳಿಯ ಒತ್ತಡ, ಕಿಡಿ ಮೂರೂ ಇದ್ದು ಎಂಜಿನ್ ಸ್ಟಾರ್ಟ್ ಆಗುವುದಿಲ್ಲವೆಂದರೆ ಅವು ಒಂದೇ ಗಳಿಗೆಯಲ್ಲಿ ಕೂಡುತ್ತಿಲ್ಲ ಎಂದೇ ಅರ್ಥ. ಕಾರ್ಬ್ಯುರೇಟರಿನಿಂದ ಬರುತ್ತಿದ್ದ ಸದ್ದು ಕೂಡ ಅದನ್ನೇ ಹೇಳುತ್ತಿತ್ತು: ಒಳಬರುವ ವಾಲ್ವ್ ತೆರೆದಿರುವಾಗ ಎಲ್ಲೋ ಕಿಡಿ ಹಾರುತ್ತಿದೆ.

ಕಿಡಿ ಪಿಸ್ಟನ್ ಮೇಲಕ್ಕೆ ಬಂದು ಮುಟ್ಟುವ ಮೊದಲೇ ಹಾರಬೇಕು, ಏಕೆಂದರೆ ಮಿಶ್ರಣ ಒಮ್ಮೆಲೇ ಸ್ಫೋಟಿಸುವುದಿಲ್ಲ. ಉರಿ ಪ್ಲಗ್‌ನಿಂದ ಹೊರಟು ಸಿಲಿಂಡರಿನ ಅಂಚಿನವರೆಗೆ ಹರಡಲು ಒಂದಿಷ್ಟು ಹೊತ್ತು ಬೇಕು. ಲೆಕ್ಕಕ್ಕಾಗಿ ಅದನ್ನು 2 ಮಿಲಿಸೆಕೆಂಡ್ ಎಂದುಕೊಳ್ಳೋಣ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಅಷ್ಟು ಹೊತ್ತಿಗೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) 36 ಡಿಗ್ರಿ ಸರಿದುಬಿಟ್ಟಿರುತ್ತದೆ. ಸೆಲ್ಫ್ ಹೊಡೆಯುವಾಗ ಎಂಜಿನ್ ತಿರುಗುವುದು ನಿಮಿಷಕ್ಕೆ 200 ಸುತ್ತಿನ ಆಸುಪಾಸಿನಲ್ಲಿ, ಆಗ ಅದೇ 2 ಮಿಲಿಸೆಕೆಂಡಿನಲ್ಲಿ ಸರಿಯುವುದು ಎರಡೂವರೆ ಡಿಗ್ರಿಗೂ ಕಡಿಮೆ. ನಿಧಾನವೇಗದಲ್ಲಿ ಮಿಶ್ರಣದ ಕಲಕಾಟ ಕಡಿಮೆಯಿರುವುದರಿಂದ ಉರಿ ಹರಡಲು ಇನ್ನಷ್ಟು ಹೊತ್ತು ಹಿಡಿಯುತ್ತದೆ, ಆದರೂ ಸ್ಟಾರ್ಟ್ ಮಾಡಲು ಬೇಕಾದ ಮುಂಗಡ, ಅಂದರೆ ಕಿಡಿ ಮೊದಲೇ ಹಾರಬೇಕಾದ ಅಂತರ, ಕೆಲವೇ ಡಿಗ್ರಿ. ವೇಗ ಏರಿದಂತೆ ಬೇಕಾಗುವ ಹೆಚ್ಚಿನ ಮುಂಗಡವನ್ನು ಡಿಸ್ಟ್ರಿಬ್ಯೂಟರಿನೊಳಗಿನ ತೂಕದ ತುಂಡುಗಳು ನೋಡಿಕೊಳ್ಳುತ್ತವೆ, ಎಂಜಿನ್ನಿನ ಮೇಲಿನ ಹೊರೆಗೆ ತಕ್ಕಂತೆ ಬೇಕಾಗುವುದನ್ನು ವ್ಯಾಕ್ಯೂಮ್ ಡಬ್ಬಿ ನೋಡಿಕೊಳ್ಳುತ್ತದೆ. ನನ್ನ ಎಂಜಿನ್ನಿನ ಕೈಪಿಡಿ ಹೇಳುವುದು ಟಿ.ಡಿ.ಸಿ.ಗೆ, ಅಂದರೆ ಪಿಸ್ಟನ್ ತುತ್ತತುದಿ ಮುಟ್ಟುವ ಬಿಂದುವಿಗೆ, 8 ಡಿಗ್ರಿ ಮೊದಲು.

ಕ್ರ್ಯಾಂಕ್ ಪುಲ್ಲಿಯ ಮೇಲಿನ ಗುರುತನ್ನು 8ಕ್ಕೆ ತಂದು ನೋಡಿದರೆ ರೋಟರ್ ಒಂದನೇ ಸಿಲಿಂಡರಿನ ವೈರಿಗೆ ನೇರವಾಗಿ ಮುಖ ಮಾಡಿತ್ತು. ಕಣ್ಣಿಗೆ ಎಲ್ಲವೂ ಸರಿ. ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ, ನಾನೂ ಎಡವಿದ್ದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟೂ ಡಿಸ್ಟ್ರಿಬ್ಯೂಟರೂ ಒಂದು ಸುತ್ತು ತಿರುಗುತ್ತವೆ. ಆದ್ದರಿಂದ ಪುಲ್ಲಿಯ ಗುರುತು ಒಂದು ಪೂರ್ತಿ ಆವರ್ತದಲ್ಲಿ ಎರಡು ಸಲ ಸೂಜಿಯೆದುರು ಬರುತ್ತದೆ. ಒಮ್ಮೆ ಮಿಶ್ರಣವನ್ನು ಒತ್ತಿ ಮುಗಿಸುವಾಗ, ಇನ್ನೊಮ್ಮೆ ಸುಟ್ಟ ಹೊಗೆಯನ್ನು ಹೊರಗೆ ತಳ್ಳಿ ಮುಗಿಸುವಾಗ. ಅವೆರಡರಲ್ಲಿ ಈಗ ಬಂದಿರುವುದು ಯಾವುದು ಎಂಬುದನ್ನು ಪುಲ್ಲಿಯನ್ನು ನೋಡಿ ಹೇಳಲಾಗದು.

ಬ್ಯಾಟರಿಯ ವೈರ್ ಕಳಚಿ, ನಾಲ್ಕೂ ಪ್ಲಗ್‌ಗಳನ್ನು ಬಿಚ್ಚಿ, ತಮ್ಮನ ಕೈಗೆ ಸ್ಪ್ಯಾನರ್ ಕೊಟ್ಟು ಪುಲ್ಲಿಯ ಬೋಲ್ಟನ್ನು ನಿಧಾನವಾಗಿ ತಿರುಗಿಸಲು ಹೇಳಿದೆ. ಒಂದನೇ ಸಿಲಿಂಡರಿನ ಪ್ಲಗ್ ತೂತನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಬಗ್ಗಿ ನಿಂತೆ.

“ಅಣ್ಣಾ, ಗುರುತು ಬಂತು.”

“ಬಂದರೂ ನಿಲ್ಲಿಸಬೇಡ, ಬೆರಳಿಗೆ ಇನ್ನೂ ಏನೂ ತಾಗಿಲ್ಲ. ಇನ್ನೊಂದು ಸುತ್ತು ತಿರುಗಿಸು.”

ಮುಂದಿನ ಸುತ್ತಿನ ಅರ್ಧ ದಾಟುತ್ತಿದ್ದಂತೆ ಬೆರಳಿನಡಿ ಗಾಳಿ ಒತ್ತತೊಡಗಿತು, ಎಷ್ಟು ಅದುಮಿ ಹಿಡಿದರೂ ‘ಪುಸ್’ ಎಂದು ಬದಿಯಿಂದ ನುಗ್ಗಿ ಹೊರಬಂತು. ಆಗ ಗುರುತು ಮತ್ತೆ 8ರ ಎದುರು ಬಂದಿತ್ತು. ರೋಟರ್ ಮಾತ್ರ ನಾಲ್ಕನೇ ಸಿಲಿಂಡರಿನ ವೈರಿನ ಕಡೆ ಮುಖ ಮಾಡಿತ್ತು. ನಾನು ಡಿಸ್ಟ್ರಿಬ್ಯೂಟರನ್ನು ಸರಿಯಾಗಿ ಅರ್ಧ ಸುತ್ತು ತಪ್ಪಾಗಿ ಕೂರಿಸಿದ್ದೆ. ಖಾತ್ರಿಗಾಗಿ ಟ್ಯಾಪೆಟ್ ಕವರನ್ನೂ ತೆಗೆದು ನೋಡಿದೆವು. ಒಂದನೇ ಸಿಲಿಂಡರಿನ ಎರಡೂ ರಾಕರ್‌ಗಳು ಬೆರಳಿಗೆ ಸಡಿಲವಾಗಿ ಸಿಕ್ಕವು, ಅಂದರೆ ಅವು ಒತ್ತುವ ಎರಡೂ ವಾಲ್ವ್ ಮುಚ್ಚಿದ್ದವು. ನಾಲ್ಕನೆಯದರಲ್ಲಿ ಒಂದು ವಾಲ್ವ್ ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ಇತ್ತು. ಒಂದನೆಯದು ಕಂಪ್ರೆಷನ್ನಿನಲ್ಲಿದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೆಲವು ಡಿಸ್ಟ್ರಿಬ್ಯೂಟರ್‌ಗಳ ತಳದ ಕಚ್ಚು ನಡುವಿನಿಂದ ಸ್ವಲ್ಪ ಸರಿದಿರುವುದರಿಂದ ಅವು ಒಂದೇ ರೀತಿಯಲ್ಲಿ ಕೂರುತ್ತವೆ. ನನ್ನದು ಓರೆಹಲ್ಲಿನ ಗೇರಿನದು; ಯಾವ ಹಲ್ಲಿಗೆ ಬೇಕಾದರೂ ಕೂರುತ್ತದೆ, ಮತ್ತು ಕೆಳಗಿಳಿಯುವಾಗ ಹಲ್ಲಿನ ಓರೆಯ ಜೊತೆ ರೋಟರ್ ತಾನೂ ಒಂದಿಷ್ಟು ತಿರುಗುತ್ತದೆ. ಅಷ್ಟನ್ನು ಮೊದಲೇ ಹಿಂದಕ್ಕೆ ಇಟ್ಟುಕೊಂಡು ಇಳಿಸಬೇಕು. ಮೂರನೆಯ ಪ್ರಯತ್ನಕ್ಕೆ ರೋಟರ್ ಒಂದನೇ ವೈರಿನ ನೇರಕ್ಕೆ ಬಂದು ನಿಂತಿತು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ, 1-3-4-2 ಎಂಬುದನ್ನು ರೋಟರ್ ತಿರುಗುವ ದಿಕ್ಕಿನಲ್ಲೇ ಎಣಿಸಿ ವೈರ್‌ಗಳನ್ನು ಮತ್ತೊಮ್ಮೆ ನೋಡಿದೆ.

ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಕೂಡಿಸುವ ಮೊದಲು ಪಾಯಿಂಟಿನ ಗ್ಯಾಪ್ ಸರಿಮಾಡಲೇಬೇಕು. ಗ್ಯಾಪ್ ಹೆಚ್ಚಿದರೆ ಪಾಯಿಂಟ್ ಬೇಗ ತೆರೆದು ಕಿಡಿ ಮುಂದಾಗುತ್ತದೆ, ಕಡಿಮೆಯಾದರೆ ತಡವಾಗುತ್ತದೆ. ಟೈಮಿಂಗ್ ಕೂಡಿಸಿದ ಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ ಕೆಲಸವೆಲ್ಲ ಹೋದಂತೆಯೇ. ನನ್ನ ಹಳೆಯ ಪಾಯಿಂಟಿನ ಒಂದು ಮುಖದಲ್ಲಿ ಸಾಸಿವೆಗಿಂತ ಚಿಕ್ಕದೊಂದು ಗುಬುಟೂ ಎದುರಿನ ಮುಖದಲ್ಲಿ ಅದಕ್ಕೆ ಹೊಂದುವ ಕುಳಿಯೂ ಬಿದ್ದಿದ್ದವು. ಗ್ಯಾಪ್ ಅಳೆಯುವ ಚಪ್ಪಟೆ ತಗಡಾದ ಫೀಲರ್ ಗೇಜ್ ಗುಬುಟಿನ ತಲೆಗೂ ಕುಳಿಯ ದಡಕ್ಕೂ ತಾಗಿ 0.4 ಮಿ.ಮೀ. ಎಂದು ತೋರಿಸುತ್ತದೆ, ಕುಳಿಯ ತಳದವರೆಗಿನ ನಿಜವಾದ ಗ್ಯಾಪ್ ಅದಕ್ಕಿಂತ ಹೆಚ್ಚು. ಅಂಥ ಪಾಯಿಂಟನ್ನು ಉಜ್ಜಿ ಉಳಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಹೊಸದನ್ನು ಹಾಕಿ, ಡಿಸ್ಟ್ರಿಬ್ಯೂಟರಿನೊಳಗಿನ ಕ್ಯಾಮಿನ ಉಬ್ಬಿನ ತುದಿಯಲ್ಲಿ ಪಾಯಿಂಟಿನ ಹಿಮ್ಮಡಿ (ಕ್ಯಾಮಿಗೆ ಒರಗುವ ಭಾಗ) ಇರುವಾಗ 0.4 ಮಿ.ಮೀ.ಗೆ ಬಿಗಿ ಮಾಡಿದೆ.

ಆಮೇಲೆ 12 ವೋಲ್ಟಿನ ಒಂದು ಪುಟ್ಟ ಬಲ್ಬ್. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತಂತಿಗೆ ಒಂದು ಕಡೆ, ಎಂಜಿನ್ನಿನ ಲೋಹಕ್ಕೆ ಇನ್ನೊಂದು ಕಡೆ ಸೇರಿಸಿ ಇಗ್ನಿಷನ್ ಹಾಕಿದರೆ, ಪಾಯಿಂಟ್ ಮುಚ್ಚಿರುವಾಗ ಬಲ್ಬ್ ಆರಿರುತ್ತದೆ, ತೆರೆದ ಕ್ಷಣವೇ ಹೊತ್ತುತ್ತದೆ. ಕಿಡಿ ಹಾರುವ ಕ್ಷಣವೂ ಅದೇ. ಕಿಡಿಯ ತಾಳಕ್ಕೆ ಮಿಂಚಿ ಗುರುತು ತೋರಿಸುವ ಸ್ಟ್ರೋಬ್ ಲೈಟಿಗೆ ಓಡುತ್ತಿರುವ ಎಂಜಿನ್ ಬೇಕು. ಸ್ಟಾರ್ಟೇ ಆಗದ ಎಂಜಿನ್ನಿಗೆ ಈ ಬಲ್ಬಿಗಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಎಂಜಿನ್ನನ್ನು ಅದು ಓಡುವ ದಿಕ್ಕಿನಲ್ಲೇ ತಿರುಗಿಸಿ ಗುರುತನ್ನು 8ಕ್ಕೆ ತರಬೇಕು. ದಾಟಿಹೋಯಿತೆಂದು ಹಿಂದಕ್ಕೆ ತಿರುಗಿಸಿ ನಿಲ್ಲಿಸಿದರೆ ಚೈನು ಮತ್ತು ಗೇರುಗಳ ಸಡಿಲ ಲೆಕ್ಕ ತಪ್ಪಿಸುತ್ತದೆ. ಕ್ಲ್ಯಾಂಪ್ ಸಡಿಲಿಸಿ, ಡಿಸ್ಟ್ರಿಬ್ಯೂಟರನ್ನು ರೋಟರ್ ತಿರುಗುವ ದಿಕ್ಕಿಗೆ ಬಲ್ಬ್ ಆರುವವರೆಗೆ ಸರಿಸಿ, ಅಲ್ಲಿಂದ ಎದುರು ದಿಕ್ಕಿಗೆ ಕೂದಲೆಳೆಯಷ್ಟೇ ತಿರುಗಿಸುತ್ತಾ ಬಂದೆ. ಬಲ್ಬ್ ಹೊತ್ತಿದಲ್ಲೇ ಬಿಗಿ ಮಾಡಿದೆ. ಇಗ್ನಿಷನ್ ಬಹಳ ಹೊತ್ತು ಹಾಕಿಟ್ಟರೆ ಕಾಯಿಲ್ ಬಿಸಿಯಾಗುತ್ತದೆ, ಆದ್ದರಿಂದ ಕೈ ಬಿಡುವಾದಾಗಲೆಲ್ಲ ಆರಿಸುತ್ತಿದ್ದೆ.

ಪ್ಲಗ್‌ಗಳನ್ನು ಹಾಕಿ ಕೀಲಿ ತಿರುಗಿಸಿದಾಗ ಎಂಜಿನ್ ಎರಡನೇ ಸುತ್ತಿಗೇ ಹೊಡೆದುಕೊಂಡಿತು. ಅರ್ಧ ಗಂಟೆ ಓಡಿಸಿ ನಿಲ್ಲಿಸಿ ಮತ್ತೆ ಕೀಲಿ ತಿರುಗಿಸಿದರೆ ಸೆಲ್ಫ್ ‘ಗಕ್’ ಎಂದು ತಡೆದು ನಿಂತಿತು, ಯಾರೋ ಒಳಗಿನಿಂದ ಹಿಂದಕ್ಕೆ ಒದ್ದ ಹಾಗೆ. ತಣ್ಣಗಿದ್ದಾಗ ಸ್ಟಾರ್ಟ್ ಆಗಿ ಬಿಸಿಯಾದಾಗ ಒದೆಯುವುದು ಕಿಡಿ ಅತಿಯಾಗಿ ಮುಂದಾಗಿರುವ ಲಕ್ಷಣ. ಹಿಂದೆ ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡುತ್ತಿದ್ದವರ ಕೈ ಮುರಿಯುತ್ತಿದ್ದುದು ಈ ಒದೆತದಿಂದಲೇ. ಡಿಸ್ಟ್ರಿಬ್ಯೂಟರಿನ ತೂಕಗಳು ಹೊರಗೆ ಸಿಕ್ಕಿಹಾಕಿಕೊಂಡಿವೆಯೇ ಎಂದು ರೋಟರನ್ನು ಅದರ ದಿಕ್ಕಿಗೆ ತಿರುಗಿಸಿ ಬಿಟ್ಟೆ. ಸ್ಪ್ರಿಂಗ್ ಅದನ್ನು ಸಲೀಸಾಗಿ ಹಿಂದಕ್ಕೆಳೆದುಕೊಂಡಿತು. ಬಲ್ಬ್ ಇನ್ನೂ 8ಕ್ಕೇ ಹೊತ್ತುತ್ತಿತ್ತು.

ಉಳಿದದ್ದು ಪುಲ್ಲಿಯೊಂದೇ. ಈ ಪುಲ್ಲಿಯ ಒಳಗಿನ ಗುಂಬಕ್ಕೂ ಗುರುತಿರುವ ಹೊರಗಿನ ಉಂಗುರಕ್ಕೂ ನಡುವೆ ರಬ್ಬರ್ ಪದರವಿದೆ, ಹಳತಾದಾಗ ರಬ್ಬರ್ ಬಿಟ್ಟು ಉಂಗುರ ಜಾರುತ್ತದೆ. ಹಳೆಯ ಪ್ಲಗ್ಗೊಂದರ ಪಿಂಗಾಣಿ ತೆಗೆದು, ತುದಿ ದುಂಡಾಗಿಸಿದ ಬೋಲ್ಟನ್ನು ಅದರೊಳಗೆ ಕೂರಿಸಿ, ಪಿಸ್ಟನ್ ಮೇಲೆ ಬಂದಾಗ ತಡೆಯುವ ಹಾಗೆ ಒಂದನೇ ಸಿಲಿಂಡರಿಗೆ ಹಾಕಿದೆ. ಕೈಯಿಂದ, ಕೈಯಿಂದ ಮಾತ್ರ, ಎಂಜಿನ್ನನ್ನು ಒಂದು ದಿಕ್ಕಿಗೆ ತಡೆಯುವವರೆಗೆ ತಿರುಗಿಸಿ ಗೆರೆ ಹಾಕಿ, ಎದುರು ದಿಕ್ಕಿಗೂ ಹಾಗೆಯೇ ಮಾಡಿದೆ. ಎರಡು ಗೆರೆಗಳ ನಟ್ಟನಡು ನಿಜವಾದ ಟಿ.ಡಿ.ಸಿ. ಪುಲ್ಲಿಯ ಸುತ್ತಳತೆ 450 ಮಿ.ಮೀ., ಅಂದರೆ ಡಿಗ್ರಿಗೆ 1.25 ಮಿ.ಮೀ. ಕಾರ್ಖಾನೆಯ ಗುರುತು ನಡುವಿನಿಂದ 17.5 ಮಿ.ಮೀ. ಆಚೆಗಿತ್ತು. ನಾನು 8 ಎಂದು ನಂಬಿ ಕೂಡಿಸಿದ್ದು ವಾಸ್ತವದಲ್ಲಿ 22 ಡಿಗ್ರಿ.

ಹೊಸ ಟಿ.ಡಿ.ಸಿ.ಗೆ ಬಿಳಿ ಬಣ್ಣದ ತೆಳ್ಳನೆಯ ಗೆರೆ ಎಳೆದು, ಅದಕ್ಕೆ 10 ಮಿ.ಮೀ. ಮೊದಲು, ಅಂದರೆ 8 ಡಿಗ್ರಿಗೆ, ಬಲ್ಬ್ ಹೊತ್ತುವಂತೆ ಮತ್ತೆ ಕೂಡಿಸಿದೆ. ಬಿಸಿ ಎಂಜಿನ್ ಆರು ಸಲ ನಿಲ್ಲಿಸಿ ಆರು ಸಲವೂ ಒದೆಯದೆ ಸ್ಟಾರ್ಟ್ ಆಯಿತು. ಒಮ್ಮೆ ಜಾರಿದ ಉಂಗುರ ಮತ್ತೆ ಜಾರುತ್ತದೆ, ಕಳಚಿ ಹಾರುವ ಅಪಾಯವೂ ಉಂಟು. ಹಾಗಾಗಿ ಪುಲ್ಲಿಯನ್ನು ಆ ವಾರವೇ ಬದಲಾಯಿಸಿ, ಹೊಸದರ ಗುರುತನ್ನೂ ಅದೇ ಬೋಲ್ಟ್ ಹಾಕಿ ಅಳೆದುಕೊಂಡೆ. ಅದು ನಟ್ಟನಡುವೆ ಬಂತು.