ಸುಖೀ ದೇಶದ ಗಾಯಕ ಸಾವನ್ನೇ ಏಕೆ ಹಾಡುತ್ತಾನೆ?

ವಿಲ್ಲೆ ವಾಲೊ ಹೆಸರೆತ್ತಿದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ. ಜಗತ್ತಿನ ಸಂತೋಷದ ಪಟ್ಟಿಯಲ್ಲಿ 2018ರಿಂದ ಮೊದಲ ಸ್ಥಾನ ಬಿಟ್ಟುಕೊಡದ ಫಿನ್ಲೆಂಡಿನ ಈ ರಾಕ್ ಗಾಯಕನಿಗೆ ಸಾವು, ವಿರಹ ಬಿಟ್ಟರೆ ಬೇರೆ ವಿಷಯವೇ ಸಿಗಲಿಲ್ಲವೇ? ಕೆಲವರು ಉತ್ತರವನ್ನೂ ತಾವೇ ಕೊಟ್ಟುಬಿಡುತ್ತಾರೆ: ಚಳಿ, ಕತ್ತಲು, ಮುಗಿಯದ ರಾತ್ರಿ. ಆದರೆ ಆತ ಬೆಳೆದ ಹೆಲ್ಸಿಂಕಿ ಇರುವುದು ದೇಶದ ದಕ್ಷಿಣ ತುದಿಯಲ್ಲಿ. ನಡು ಡಿಸೆಂಬರಿನಲ್ಲೂ ಅಲ್ಲಿ ಆರು ಗಂಟೆಯಷ್ಟು ಹಗಲಿರುತ್ತದೆ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ವಾಲೊ ಹಾಡುತ್ತಿರುವುದು ತನ್ನ ನಾಡಿನ ಹಳೆಯ ಪ್ರೇಮಗೀತೆಯನ್ನೇ. ಗಿಟಾರಿನ ಸದ್ದು ಮಾತ್ರ ಜೋರಾಗಿದೆ.

ಆತ ಹುಟ್ಟಿದ್ದು 1976ರಲ್ಲಿ. ತಂದೆ ಟ್ಯಾಕ್ಸಿ ಓಡಿಸುತ್ತಿದ್ದವರು, ಆಮೇಲೆ ವಯಸ್ಕರ ಸಾಮಗ್ರಿಗಳ ಅಂಗಡಿ ಇಟ್ಟರು. ಮಗನೂ ಅಲ್ಲಿ ಕೆಲಸ ಮಾಡಿದ್ದುಂಟು. 1991ರಲ್ಲಿ ಗೆಳೆಯರಾದ ಮಿಗೆ ಮತ್ತು ಲಿಂಡೆ ಜೊತೆ ಕಟ್ಟಿದ ತಂಡವೇ ‘ಹಿಮ್’. ಅದರ ಲಾಂಛನವನ್ನೂ ವಾಲೊನೇ ಬರೆದ: ತಲೆಕೆಳಗಾದ ಪಂಚಕೋನ ನಕ್ಷತ್ರ, ಅದರ ಮೇಲ್ಭಾಗ ಮಾತ್ರ ಹೃದಯದಂತೆ ದುಂಡಗೆ. ಹೆವಿ ಮೆಟಲ್ಲಿನ ಭಯಂಕರ ಚಿಹ್ನೆಯನ್ನು ಪ್ರೇಮಪತ್ರಕ್ಕೆ ಹಾಕಬಹುದಾದ ಚಿತ್ರವನ್ನಾಗಿ ಬಗ್ಗಿಸಿಕೊಂಡ ಈ ಕಿಲಾಡಿತನವೇ ಹಾಡುಗಳಲ್ಲೂ ಇದೆ.

1999ರ ‘ಜಾಯಿನ್ ಮಿ ಇನ್ ಡೆತ್’ ಕೇಳಿ ನೋಡಿ. ಜರ್ಮನಿಯಲ್ಲಿ ಮೊದಲ ಸ್ಥಾನಕ್ಕೇರಿದ ಹಾಡು ಅದು. ಹೆಸರು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಒಳಹೊಕ್ಕರೆ ಪಿಯಾನೊದ ಒಂದು ಪುಟ್ಟ ಸ್ವರಗುಚ್ಛ ಮತ್ತೆ ಮತ್ತೆ ಬರುತ್ತದೆ, ಮಂದ್ರದಲ್ಲಿ ಹೆಚ್ಚುಕಡಿಮೆ ಪಿಸುಗುಟ್ಟುವ ದನಿ ಪಲ್ಲವಿಗೆ ಬರುವಾಗ ಮೇಲೇರುತ್ತದೆ. ಜತೆಯಾಗಿ ಸಾಯಲು ಹೊರಟ ಪ್ರೇಮಿಗಳ ಹಾಡಾದರೂ ಒಮ್ಮೆ ಕೇಳಿದರೆ ಸಾಕು, ದಿನವಿಡೀ ಗುನುಗುವಂತಿದೆ. ಇದು ಪಕ್ಕಾ ಪಾಪ್ ಕಸುಬು.

ಈ ಕಸುಬಿಗೆ ಫಿನ್ಲೆಂಡಿನಲ್ಲಿ ಪರಂಪರೆಯಿದೆ. ಅರ್ಜೆಂಟೀನಾದ ಜೋಡಿನೃತ್ಯದ ಸಂಗೀತವಾದ ಟ್ಯಾಂಗೋವನ್ನು ಫಿನ್ಲೆಂಡಿನವರು ವಿಷಾದದ ಛಾಯೆಯ ಮೈನರ್ ಸ್ಕೇಲಿನಲ್ಲಿ ಅದ್ದಿ ತಮ್ಮದಾಗಿಸಿಕೊಂಡರು. ಉಂತೊ ಮೊನೊನೆನ್ 1955ರಲ್ಲಿ ಬರೆದ ‘ಸತುಮಾ’ ಎಂಬ ಟ್ಯಾಂಗೋ ಹಾಡಿನಲ್ಲಿ ಕಡಲಾಚೆ ಒಂದು ಸುಂದರ ನಾಡಿದೆ, ಅಲ್ಲಿ ನಲ್ಲೆ ಕಾಯುತ್ತಿದ್ದಾಳೆ, ಹಾಡುವವನಿಗೆ ರೆಕ್ಕೆಯಿಲ್ಲ. ಅಷ್ಟೇ ಕಥೆ. ಇದಕ್ಕೆ ಜನ ಅಳುತ್ತ ಕೂರಲಿಲ್ಲ, ಜೋಡಿಜೋಡಿಯಾಗಿ ಕುಣಿದರು, ಈಗಲೂ ಕುಣಿಯುತ್ತಾರೆ. ಸೆಯ್ನಾಯೊಕಿ ಪಟ್ಟಣದಲ್ಲಿ 1985ರಿಂದ ಟ್ಯಾಂಗೋಗೆಂದೇ ಬೇಸಿಗೆ ಉತ್ಸವ ನಡೆಯುತ್ತಿದೆ.

ವಾಲೊನ ದುಃಖವೆಲ್ಲ ಬರೀ ಶೈಲಿ ಎಂದು ಮಾತ್ರ ತೀರ್ಪು ಕೊಡಲಾರೆ. ಹಿಮ್‌ನ 2005ರ ಆಲ್ಬಂ ‘ಡಾರ್ಕ್ ಲೈಟ್’ ಅಮೆರಿಕದಲ್ಲಿ ಭಾರೀ ಮಾರಾಟಕ್ಕೆ ಸಿಗುವ ಗೋಲ್ಡ್ ಡಿಸ್ಕ್ ಪಡೆಯಿತು. ಫಿನ್ಲೆಂಡಿನ ಯಾವ ತಂಡಕ್ಕೂ ಅದುವರೆಗೆ ದಕ್ಕದ ಗೌರವ. ಅದರ ಬೆನ್ನಿಗೇ ಕುಡಿತ ಮಿತಿಮೀರಿ 2007ರಲ್ಲಿ ಚಿಕಿತ್ಸಾ ಕೇಂದ್ರ ಸೇರಬೇಕಾಯಿತು. ಅದೇ ವರ್ಷ ಬಂದ ‘ವೀನಸ್ ಡೂಮ್’ ಆತನ ಆಲ್ಬಂಗಳಲ್ಲೇ ಅತ್ಯಂತ ಭಾರವಾದದ್ದು. ಅಲ್ಲಿ ರಾಗದ ಸಿಹಿಲೇಪ ಕಡಿಮೆ, ಒಂದು ಹಾಡಂತೂ ಹತ್ತು ನಿಮಿಷ ಎಳೆಯುತ್ತದೆ. ನಿಜವಾದ ಸಂಕಟ ಹೇಗೆ ಕೇಳಿಸುತ್ತದೆ ಎಂದು ತಿಳಿಯಬೇಕಾದವರು ಅದನ್ನು ಕೇಳಬೇಕು. ಉಳಿದ ಹಾಡುಗಳಿಗೂ ಅದಕ್ಕೂ ಇರುವ ಅಂತರವೇ, ಅವು ಹಳೆಯ ಪ್ರೇಮಗೀತೆಗಳೇ ಎಂಬ ನನ್ನ ವಾದಕ್ಕೆ ಸಾಕ್ಷಿ.

ಹಿಮ್ ತಂಡ 2017ರ ಡಿಸೆಂಬರ್ 31ರಂದು ಹೆಲ್ಸಿಂಕಿಯ ತವಾಸ್ತಿಯಾ ಕ್ಲಬ್ಬಿನಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟು ವಿಸರ್ಜನೆಯಾಯಿತು. ಆಮೇಲೆ ವಾಲೊ ಮಾಡಿದ್ದೇನು? ರೌಲಿ ಬ್ಯಾಡಿಂಗ್ ಸೊಮೆರ್‌ಯೊಕಿಯ ಹಳೆಯ ಹಾಡುಗಳನ್ನು ಕೈಗೆತ್ತಿಕೊಂಡ. ಈ ಬ್ಯಾಡಿಂಗ್ 39ರ ಹರೆಯದಲ್ಲೇ, 1987ರಲ್ಲಿ ತೀರಿಕೊಂಡ ಗಾಯಕ; ಆ ದೇಶದಲ್ಲಿ ಮನೆಮಾತು. ಹಿಂದೆ ಆತನ ಜತೆ ನುಡಿಸುತ್ತಿದ್ದ ‘ಏಜೆಂಟ್ಸ್’ ತಂಡವೇ 2019ರ ಆಲ್ಬಂನಲ್ಲಿ ವಾಲೊಗೂ ನುಡಿಸಿತು. ಮೆಟಲ್ ಅಬ್ಬರವಿಲ್ಲ, ಇಂಗ್ಲಿಷ್ ಇಲ್ಲ, ಪ್ರತಿಧ್ವನಿಸುವ ಹಳೇ ಕಾಲದ ಗಿಟಾರ್ ಮತ್ತು ಆ ದನಿ. ಹಾಡುಗಳು ಆತನಿಗೆಂದೇ ಹೊಲಿಸಿದಂತಿವೆ. 2023ರ ‘ನಿಯಾನ್ ನ್ವಾರ್’ ಆಲ್ಬಂನಲ್ಲಿ ಎಲ್ಲ ವಾದ್ಯಗಳನ್ನೂ ತಾನೇ ನುಡಿಸಿ ಮತ್ತೆ ತನ್ನ ಹಳೆಯ ದಾರಿಗೆ ಬಂದಿದ್ದಾನೆ; ಚೆನ್ನಾಗಿದೆ, ಅಚ್ಚರಿಯಿಲ್ಲ.

ಆದ್ದರಿಂದ ಪ್ರಶ್ನೆ ಕೇಳುವವರಿಗೆ ನಾನು ಮೊದಲು ಕೊಡುವುದು ಹಿಮ್‌ನ ಆಲ್ಬಂ ಅಲ್ಲ, ಆ 2019ರದ್ದು. ಭಾಷೆ ತಿಳಿಯದಿದ್ದರೂ ಚಿಂತೆಯಿಲ್ಲ. ಅದಾದ ಮೇಲೆ ‘ಜಾಯಿನ್ ಮಿ’ ಹಾಕಿ. ಆಗಲೂ ಅದು ಸಾವಿನ ಹಾಡು ಎನಿಸಿದರೆ ಬಂದು ಜಗಳವಾಡಿ.